ಅಗೋಚರ ದ್ರವ್ಯಕ್ಕೆ ಚಲನೆಯ ಸಾಕ್ಷ್ಯ

ಸೂರ್ಯನನ್ನು ತೂಗಲು ತಕ್ಕಡಿಯಿಲ್ಲ. ಆದರೂ ಅದರ ದ್ರವ್ಯರಾಶಿಯನ್ನು ನಾವು ಬಲ್ಲೆವು. ಭೂಕಕ್ಷೆಯ ತ್ರಿಜ್ಯವೂ ಭೂಮಿಯ ವೇಗವೂ ತಿಳಿದಿದ್ದರೆ, ಅದನ್ನು ಹಿಡಿದಿಡಲು ಎಷ್ಟು ದ್ರವ್ಯ ಬೇಕೆಂಬುದನ್ನು ನ್ಯೂಟನ್ನನ ನಿಯಮವು ತಿಳಿಸುತ್ತದೆ. ಅದೇ ದೂರದಲ್ಲಿ ವೇಗವು ಇಮ್ಮಡಿಯಾದರೆ ಬೇಕಾಗುವ ದ್ರವ್ಯವು ನಾಲ್ಮಡಿಯಾಗುತ್ತದೆ. ಈ ತತ್ತ್ವವನ್ನು ಗೆಲಾಕ್ಸಿಗಳ ಗೊಂಚಲಿಗೆ ಅನ್ವಯಿಸಿದಾಗ ಉಂಟಾದ ಸಮಸ್ಯೆಯನ್ನು ಇಲ್ಲಿ ವಿವೇಚಿಸುತ್ತೇವೆ.

1933ರಲ್ಲಿ ಫ್ರಿಟ್ಜ್ ಜ್ವಿಕಿ ಅವರು ಕೋಮಾ ಗೊಂಚಲನ್ನು ಪರಿಶೀಲಿಸಿದರು. ಅದರಲ್ಲಿ 800 ಗೆಲಾಕ್ಸಿಗಳಿವೆಯೆಂದೂ ಪ್ರತಿಯೊಂದರ ದ್ರವ್ಯರಾಶಿ 100 ಕೋಟಿ ಸೂರ್ಯರಷ್ಟೆಂದೂ ಭಾವಿಸಿದರೆ, ಗೊಂಚಲಿನೊಳಗೆ ಅವುಗಳ ವೇಗ ಸೆಕೆಂಡಿಗೆ ಸುಮಾರು 80 ಕಿಲೋಮೀಟರ್ ಮಾತ್ರ ಇರಬೇಕು. ಇಡೀ ಗೊಂಚಲಿನ ಹಿಂಜರಿತವನ್ನು ಕಳೆದು ರೋಹಿತರೇಖೆಗಳಿಂದ ಅಳೆದ ವೇಗವಾದರೋ 1000 ಕಿಲೋಮೀಟರ್ ಅಥವಾ ಅದಕ್ಕೂ ಮಿಗಿಲು. ಇಂಥ ವೇಗದಲ್ಲಿ 30 ಲಕ್ಷ ಜ್ಯೋತಿರ್ವರ್ಷಗಳ ದೂರವನ್ನು ಕ್ರಮಿಸಲು 90 ಕೋಟಿ ವರ್ಷಗಳು ಸಾಕು. ವಿಶ್ವದ ವಯಸ್ಸೋ ಸುಮಾರು 1380 ಕೋಟಿ ವರ್ಷ. ಬಂಧಿಸುವ ಬಲವಿಲ್ಲದಿದ್ದರೆ ಗೊಂಚಲು ಎಂದೋ ಚದುರಿಹೋಗಬೇಕಾಗಿತ್ತು. ಆದ್ದರಿಂದ ಬೆಳಗುವ ದ್ರವ್ಯದ ಕನಿಷ್ಠ 400 ಮಡಿ ದ್ರವ್ಯವು ಅಲ್ಲಿರಬೇಕೆಂದು ಜ್ವಿಕಿ ಗಣಿಸಿದರು.

ಈ ಅಂಕೆ ಹಾಗೆಯೇ ಉಳಿಯಲಿಲ್ಲ. ಅಂದು ಗೊಂಚಲಿನ ದೂರವನ್ನು ಬಹಳ ಕಡಿಮೆಯಾಗಿ ಎಣಿಸಲಾಗಿತ್ತು. ಅದನ್ನು ತಿದ್ದಿದಾಗ ಅನುಪಾತವು ಇಳಿಯಿತು. 1970ರ ದಶಕದಲ್ಲಿ, ಗೆಲಾಕ್ಸಿಗಳ ನಡುವೆ ಕ್ಷಕಿರಣಗಳನ್ನು ಸೂಸುವ, ಕೋಟ್ಯಂತರ ಡಿಗ್ರಿ ಉಷ್ಣತೆಯ ಅನಿಲವಿರುವುದು ದೃಢಪಟ್ಟಿತು. ಅದರ ದ್ರವ್ಯರಾಶಿ ನಕ್ಷತ್ರಗಳದಕ್ಕಿಂತ ಹಲವು ಮಡಿ. ಇಷ್ಟನ್ನೆಲ್ಲ ಕೂಡಿದರೂ ಒಟ್ಟು ದ್ರವ್ಯದ ಬಹುಭಾಗಕ್ಕೆ ಇನ್ನೂ ಲೆಕ್ಕ ಸಿಗುವುದಿಲ್ಲ.

ಹಾಗಾದರೆ ಕೊರತೆಯಿರುವುದು ದ್ರವ್ಯದಲ್ಲೋ ನಿಯಮದಲ್ಲೋ? ಇತಿಹಾಸವು ಎರಡಕ್ಕೂ ನಿದರ್ಶನವನ್ನು ಒದಗಿಸುತ್ತದೆ. ಯುರೇನಸ್ಸಿನ ಚಲನೆಯಲ್ಲಿ ಕಂಡ ವ್ಯತ್ಯಾಸವು 1846ರಲ್ಲಿ ನೆಪ್ಚೂನ್ ಗ್ರಹದ ಶೋಧಕ್ಕೆ ದಾರಿತೋರಿತು. ಬುಧಗ್ರಹದ ಚಲನೆಯ ವ್ಯತ್ಯಾಸಕ್ಕೂ ಕಾಣದ ಗ್ರಹವೊಂದನ್ನು ಕಲ್ಪಿಸಲಾಯಿತು. ಅದು ದೊರೆಯಲೇ ಇಲ್ಲ. 1915ರಲ್ಲಿ ಐನ್‌ಸ್ಟೈನರು ಗುರುತ್ವದ ನಿಯಮವನ್ನೇ ಹೊಸದಾಗಿ ನಿರೂಪಿಸಿ ಅದನ್ನು ವಿವರಿಸಿದರು.

ಈ ಸಂದೇಹಕ್ಕೆ ಬಲವಾದ ಉತ್ತರವು 2006ರಲ್ಲಿ ಬುಲೆಟ್ ಗೊಂಚಲಿನಿಂದ ಬಂದಿತು. ಅಲ್ಲಿ ಎರಡು ಗೊಂಚಲುಗಳು ಡಿಕ್ಕಿಹೊಡೆದು, ಅನಿಲವು ನಡುವೆಯೇ ತಡೆಹಿಡಿಯಲ್ಪಟ್ಟಿದೆ. ಆದರೆ ಹಿನ್ನೆಲೆಯ ಬೆಳಕನ್ನು ಬಾಗಿಸುವ ಗುರುತ್ವವು ಅನಿಲದ ಮೇಲೆ ಕೇಂದ್ರೀಕೃತವಾಗಿರದೆ ಮುಂದೆ ಸಾಗಿದ ಗೆಲಾಕ್ಸಿಗಳೊಡನಿದೆ. ನಿಯಮವನ್ನು ಮಾತ್ರ ತಿದ್ದಿ ಇದನ್ನು ವಿವರಿಸುವುದು ಕಷ್ಟಸಾಧ್ಯ. ಆದರೂ ಈ ದ್ರವ್ಯದ ಕಣವಾವುದನ್ನೂ ಯಾವ ಪ್ರಯೋಗಶಾಲೆಯೂ ನಿರ್ವಿವಾದವಾಗಿ ಹಿಡಿದಿಲ್ಲ. ಅದರ ಭಾರವನ್ನು ನಾವು ಅರಿತಿದ್ದೇವೆ. ಸ್ವರೂಪವನ್ನು ಅರಿಯುವ ಕಾರ್ಯ ಉಳಿದಿದೆ.