ತೊಟ್ಟಿ ಮೀನಿಗೆ ಹಸಿವಿಗಿಂತ ಊಟದ್ದೇ ಕಾಟ

ಸೊಲ್ಲಾಪುರ: ಗಾಜಿನ ತೊಟ್ಟಿ ಮನೆಗೆ ಬಂತೆಂದರೆ ಮಕ್ಕಳಿಗೆ ಹಬ್ಬ. ಬೆಳಿಗ್ಗೆ ಅಜ್ಜಿಯದೊಂದು ಚಿಟಿಕೆ, ಮಧ್ಯಾಹ್ನ ಮೊಮ್ಮಗನದೊಂದು ಮುಷ್ಟಿ. ‘ಪಾಪ, ಹಸದಾವ’ ಅಂತ ಸಂಜೆ ಮತ್ತೆ. ವಾರದೊಳಗೆ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ. ಬೈಗುಳ ಮಾತ್ರ ಅಂಗಡಿಯವನಿಗೆ!

ಮೀನು ಮೇಲೆ ಬಂದು ಬಾಯಿ ತೆರೆದರೆ ಹಸಿವೇ ಇರಬೇಕೆಂದಿಲ್ಲ. ನೀರಿನಲ್ಲಿ ಆಮ್ಲಜನಕ ಸಾಲದಿದ್ದರೂ ಹಾಗೇ ಮಾಡುತ್ತದೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಊರಲ್ಲಿ ಇದನ್ನು ನೆನಪಿಡಬೇಕು. ಬಿಸಿಯಾದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದರ ಮೇಲೆ, ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯ ಹುಟ್ಟಿ ಕಿವಿರುಗಳನ್ನು ಕೆಡಿಸುತ್ತದೆ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು, ದಿನಕ್ಕೆ ಒಂದೆರಡು ಸಲ ಹಾಕಿದರೆ ಸಾಕು. ಮನೆಮಂದಿ ಎರಡು ದಿನ ಪಂಢರಪುರಕ್ಕೆ ಹೋಗಿಬಂದರೂ ಬೆಳೆದ ಮೀನು ಉಪವಾಸದಿಂದ ಸಾಯುವುದಿಲ್ಲ.

ಚಂದ ಕಂಡದ್ದನ್ನೆಲ್ಲ ಒಂದೇ ತೊಟ್ಟಿಗೆ ಬಿಡುವುದು ಇನ್ನೊಂದು ತಪ್ಪು. ಎರಡು ಗಂಡು ಫೈಟರ್ ಸೇರಿದರೆ ಕಾದಾಟವೇ. ಟೈಗರ್ ಬಾರ್ಬ್ ಗೋಲ್ಡ್‌ಫಿಶ್‌ನ ಬಾಲ ಕಚ್ಚುತ್ತದೆ. ಬೆಳೆದ ಏಂಜೆಲ್‌ಗೆ ಪುಟ್ಟ ನಿಯಾನ್ ಟೆಟ್ರಾ ಒಂದು ತುತ್ತು. ಗಪ್ಪಿ, ಮೊಲ್ಲಿ, ಪ್ಲಾಟಿ ಹೊಂದಿಕೊಂಡು ಹೋಗುತ್ತವೆ. ಆದರೆ ಮರಿ ಹಾಕುವುದಕ್ಕೆ ಅವುಗಳಿಗೆ ಬಿಡುವೇ ಇಲ್ಲ. ಜಾಗ ಸಾಲಲಿಲ್ಲವೆಂದು ಅವನ್ನು ಕೆರೆಗೆ ಮಾತ್ರ ಸುರಿಯಬಾರದು, ಅಲ್ಲಿಯ ಮೀನುಗಳ ಊಟಕ್ಕೇ ಕುತ್ತು.