ಗುರಿಹಲಗೆಯ ಐದು ತೂತುಗಳು: .22 ರೈಫಲ್ ಕಲಿಸುವ ಅಳತೆಯ ಪಾಠ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ಕೋರಮಂಡಲ್ ದಾಟಿದ ಮೇಲೆ ಉರಿಗಾಂ ಬರುತ್ತದೆ. ಕಿಟಕಿಯ ಆಚೆ ತಲೆ ಚಪ್ಪಟೆಯಾದ ಬೂದುಬಣ್ಣದ ದಿಬ್ಬಗಳು ಕಾಣುತ್ತವೆ. ಇವು ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಬಂಡೆಯ ಪುಡಿ. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು, ದಿಬ್ಬಗಳು ಉಳಿದವು.

ಗಣಿ ನಡೆಯುತ್ತಿದ್ದಾಗ ಇಲ್ಲಿ ಅದಿರಿನ ಮಾದರಿಯಲ್ಲಿ ಎಷ್ಟು ಚಿನ್ನವಿದೆ ಎಂದು ಅಳೆಯುವುದು ದಿನನಿತ್ಯದ ಕೆಲಸವಾಗಿತ್ತು. ಒಂದೇ ಮಾದರಿಯನ್ನು ಐದು ಸಲ ತೂಗಿದಾಗ ಐದೂ ಸಲ ಒಂದೇ ಉತ್ತರ ಬಂದರೆ ತಕ್ಕಡಿ ಒಳ್ಳೆಯದೆಂದು ಹೇಳಬಹುದೆ? ಹೇಳಲಾಗದು. ತಕ್ಕಡಿಯೇ ಪ್ರತಿ ಸಲ 2 ಮಿಲಿಗ್ರಾಂ ಹೆಚ್ಚು ತೋರಿಸುತ್ತಿರಬಹುದು. ಉತ್ತರಗಳು ಒಂದಕ್ಕೊಂದು ಹತ್ತಿರವಿರುವುದು ನಿಷ್ಕೃಷ್ಟತೆ. ನಿಜವಾದ ಬೆಲೆಗೆ ಹತ್ತಿರವಿರುವುದು ನಿಖರತೆ. ಭೌತಶಾಸ್ತ್ರದಲ್ಲಿ ನೀವು ಈ ಎರಡು ಪದಗಳನ್ನು ಓದಿರಬಹುದು. ಇವೆರಡರ ವ್ಯತ್ಯಾಸವನ್ನು ಕಣ್ಣಿಗೆ ಕಾಣುವಂತೆ ತೋರಿಸುವ ಸಾಧನವೊಂದು ನಮ್ಮ ಎಷ್ಟೋ ಶಾಲೆ ಕಾಲೇಜುಗಳ ವಿದ್ಯಾರ್ಥಿಗಳ ಕೈಗೆ ಬರುತ್ತದೆ. ಅದು ಎನ್‌ಸಿಸಿಯ .22 ರೈಫಲ್.

ಚಿನ್ನದ ಗಣಿ ಪ್ರದೇಶಕ್ಕೆ ರೈಫಲ್ ಅಭ್ಯಾಸ ಹೊಸದಲ್ಲ. ಬ್ರಿಟಿಷರ ಕಾಲದಲ್ಲಿ ಗಣಿಯ ಯುರೋಪಿಯನ್ ಮತ್ತು ಆಂಗ್ಲೋ ಇಂಡಿಯನ್ ನೌಕರರ ಸ್ವಯಂಸೇವಕ ಪಡೆಯೊಂದು ಇಲ್ಲಿತ್ತು. ಸ್ವಾತಂತ್ರ್ಯದೊಂದಿಗೆ ಅದು ಕೊನೆಗೊಂಡಿತು. 1948ರಲ್ಲಿ ಎನ್‌ಸಿಸಿ ಆರಂಭವಾದ ಮೇಲೆ ಗುರಿಯ ಅಭ್ಯಾಸ ಸಾಮಾನ್ಯ ವಿದ್ಯಾರ್ಥಿಗಳಿಗೂ ದೊರೆಯಿತು.

ಇಬ್ಬರು ಕೆಡೆಟ್‌ಗಳು

ಉರಿಗಾಂನ ಇಬ್ಬರು ಕೆಡೆಟ್‌ಗಳು 25 ಮೀಟರ್ ದೂರದಿಂದ ತಲಾ ಐದು ಗುಂಡು ಹಾರಿಸಿದರು ಎಂದು ಭಾವಿಸಿ. ಮೊದಲನೆಯವಳ ಒಂದು ಗುಂಡು ನಡುಬಿಂದುವಿಗೇ ತಾಗಿತು, ಉಳಿದ ನಾಲ್ಕು ನಾಲ್ಕು ಮೂಲೆಗೆ ಚದುರಿದವು. ಅತಿ ದೂರದ ಎರಡು ತೂತುಗಳ ನಡುವೆ 11.7 ಸೆಂ.ಮೀ. ಅಂತರವಿದೆ. ಎರಡನೆಯವಳ ಒಂದು ಗುಂಡೂ ನಡುವಿಗೆ ಬೀಳಲಿಲ್ಲ. ನಡುಬಿಂದುವಿನಿಂದ ಅವಳ ತೂತುಗಳು ಹೀಗಿವೆ:

1ನೆಯದು: ಬಲಕ್ಕೆ 2.0 ಸೆಂ.ಮೀ., ಮೇಲಕ್ಕೆ 3.5 ಸೆಂ.ಮೀ.
2ನೆಯದು: ಬಲಕ್ಕೆ 3.0, ಮೇಲಕ್ಕೆ 2.5
3ನೆಯದು: ಬಲಕ್ಕೆ 2.5, ಮೇಲಕ್ಕೆ 4.0
4ನೆಯದು: ಬಲಕ್ಕೆ 3.5, ಮೇಲಕ್ಕೆ 3.0
5ನೆಯದು: ಬಲಕ್ಕೆ 1.5, ಮೇಲಕ್ಕೆ 2.0

ನೋಡುವವರು ಮೊದಲನೆಯವಳಿಗೆ ಚಪ್ಪಾಳೆ ತಟ್ಟುತ್ತಾರೆ. ಆದರೆ ಲೆಕ್ಕ ಮಾಡಿ. ಎರಡನೆಯವಳ ಐದು ತೂತುಗಳ ಸರಾಸರಿ ಬಲಕ್ಕೆ 2.5 ಸೆಂ.ಮೀ., ಮೇಲಕ್ಕೆ 3.0 ಸೆಂ.ಮೀ. ಅತಿ ದೂರದ ಎರಡು ತೂತುಗಳ ಅಂತರ ಕೇವಲ 2.2 ಸೆಂ.ಮೀ. ಇದನ್ನೇ ಕೆಡೆಟ್‌ಗಳು ಗ್ರೂಪ್ ಎನ್ನುತ್ತಾರೆ. ಈಕೆಯ ಗ್ರೂಪ್ ಚಿಕ್ಕದು, ಆದರೆ ಇಡಿಯಾಗಿ ಪಕ್ಕಕ್ಕೆ ಸರಿದಿದೆ. ಇದು ಕ್ರಮಬದ್ಧ ದೋಷ. ಮೊದಲನೆಯವಳದು ಯಾದೃಚ್ಛಿಕ ದೋಷ.

ಕ್ರಮಬದ್ಧ ದೋಷವನ್ನು ನಿಮಿಷದಲ್ಲಿ ತಿದ್ದಬಹುದು. ರೈಫಲಿನ ಬ್ಯಾಕ್‌ಸೈಟ್ ಮತ್ತು ಫೋರ್‌ಸೈಟ್‌ಗಳ ನಡುವೆ 60 ಸೆಂ.ಮೀ. ಅಂತರವಿದೆ ಎಂದುಕೊಳ್ಳೋಣ. ಸಮರೂಪ ತ್ರಿಭುಜಗಳ ನಿಯಮದಂತೆ, 25 ಮೀಟರಿನಲ್ಲಿ 2.5 ಸೆಂ.ಮೀ. ತಪ್ಪನ್ನು ಸರಿಪಡಿಸಲು ಸೈಟ್ ಸರಿಯಬೇಕಾದದ್ದು 2.5 × 60 ÷ 2500, ಅಂದರೆ 0.06 ಸೆಂ.ಮೀ. ಕೇವಲ 0.6 ಮಿ.ಮೀ.! ಫೋರ್‌ಸೈಟನ್ನು ಸರಿಸುವುದಾದರೆ ತಪ್ಪು ಇರುವ ಕಡೆಗೇ ಸರಿಸಬೇಕು. ಗುಂಡು ಬಲಕ್ಕೆ ಹೋಗುತ್ತಿದ್ದರೆ ಫೋರ್‌ಸೈಟ್ ಕೂಡ ಬಲಕ್ಕೆ. ಕಾರಣವನ್ನು ಚಿತ್ರ ಬರೆದು ನೀವೇ ಕಂಡುಕೊಳ್ಳಿ.

ಯಾದೃಚ್ಛಿಕ ದೋಷಕ್ಕೆ ಇಂಥ ಸುಲಭ ಮದ್ದಿಲ್ಲ. ಒಂದು ಗುಂಡಿನ ತೂತು ನೋಡಿ ಸೈಟ್ ತಿರುಗಿಸುವುದಂತೂ ದೊಡ್ಡ ತಪ್ಪು. ಆ ಒಂದು ತೂತು ಸೈಟಿನ ದೋಷದಿಂದ ಬಂದದ್ದೋ ಕೈ ನಡುಗಿದ್ದರಿಂದ ಬಂದದ್ದೋ ತಿಳಿಯದು. ಕೆಡೆಟ್‌ಗೆ ಸಿಗುವ ಗುಂಡುಗಳು ಬೆರಳೆಣಿಕೆಯಷ್ಟು. ತೂತುಗಳನ್ನು ಓದಲು ಬಾರದ ಕಾರಣಕ್ಕೆ ಎರಡನೆಯವಳಂಥ ಹುಡುಗಿಯನ್ನು ತಂಡದಿಂದ ಕೈಬಿಟ್ಟರೆ ಅದು ಅನ್ಯಾಯ, ಅವೈಜ್ಞಾನಿಕವೂ ಹೌದು.

ತೋಟಾದ ಒಳಗೆ

ಗುಂಡುಗಳು ಚದುರುವುದೇಕೆ ಎಂದು ತಿಳಿಯಲು ತೋಟಾದ ರಚನೆ ನೋಡಬೇಕು. .22 ಲಾಂಗ್ ರೈಫಲ್ ತೋಟಾದ ಹಿತ್ತಾಳೆ ಕೋಶಕ್ಕೆ ತಳದಲ್ಲಿ ತೆಳುವಾದ, ಟೊಳ್ಳಾದ ಅಂಚು ಇದೆ. ಆಘಾತಕ್ಕೆ ಸಿಡಿಯುವ ರಾಸಾಯನಿಕವನ್ನು ಈ ಅಂಚಿನ ಒಳಗೆ ತುಂಬಿರುತ್ತಾರೆ. ಫೈರಿಂಗ್ ಪಿನ್ ಅಂಚನ್ನು ಜಜ್ಜಿದಾಗ ಅದು ಸಿಡಿದು ಮದ್ದಿಗೆ ಬೆಂಕಿ ಹಚ್ಚುತ್ತದೆ. ರಿಮ್‌ಫೈರ್ ಎಂಬ ಹೆಸರು ಬಂದದ್ದು ಇದರಿಂದಲೇ. ಅಂಚು ಸುಲಭವಾಗಿ ಜಜ್ಜುವಷ್ಟು ತೆಳುವಾಗಿರಬೇಕು. ಆದ್ದರಿಂದ ಹೆಚ್ಚಿನ ಒತ್ತಡ ಬಳಸುವಂತಿಲ್ಲ. ರಾಸಾಯನಿಕ ಅಂಚಿನ ಸುತ್ತ ಸಮನಾಗಿ ಹರಡದಿದ್ದರೆ ಒಂದು ತೋಟಾ ಚುರುಕಾಗಿ, ಇನ್ನೊಂದು ಮಂದವಾಗಿ ಉರಿಯುತ್ತದೆ.

ಈ ವ್ಯತ್ಯಾಸದ ಪರಿಣಾಮವೇನು? ಗುಂಡು ಸೆಕೆಂಡಿಗೆ ಸರಾಸರಿ 320 ಮೀಟರ್ ವೇಗದಲ್ಲಿ 25 ಮೀಟರ್ ಕ್ರಮಿಸಲು 0.078 ಸೆಕೆಂಡು ಬೇಕು. ½gt² ಸೂತ್ರದಂತೆ ಆ ಅವಧಿಯಲ್ಲಿ ಅದು ಸುಮಾರು 3 ಸೆಂ.ಮೀ. ಕೆಳಗಿಳಿಯುತ್ತದೆ. 50 ಮೀಟರಿನಲ್ಲಿ ಇಳಿತ ಸುಮಾರು 12 ಸೆಂ.ಮೀ. ವೇಗ 10 ಮೀಟರ್ ಕಡಿಮೆಯಾದರೆ 25 ಮೀಟರಿನಲ್ಲಿ ಗುಂಡು 2 ಮಿ.ಮೀ. ಹೆಚ್ಚು ಇಳಿಯುತ್ತದೆ. ಅದು ಗಮನಕ್ಕೂ ಬಾರದು. 50 ಮೀಟರಿನಲ್ಲಿ ಮಾತ್ರ ಸುಮಾರು 8 ಮಿ.ಮೀ. ಇಳಿಯುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಗುರಿಹಲಗೆಯ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿ.ಮೀ. ಅಷ್ಟೇ. ಸ್ವಪ್ನಿಲ್ ಕುಸಾಲೆ 2024ರ ಪ್ಯಾರಿಸ್‌ನಲ್ಲಿ ಕಂಚು ಗೆದ್ದದ್ದು ಇದೇ ಬಗೆಯ ತೋಟಾ ಬಳಸುವ ಸ್ಪರ್ಧೆಯಲ್ಲಿ. ಅಂಥ ಸ್ಪರ್ಧಿಗಳು ಒಂದೇ ತಂಡದಲ್ಲಿ ತಯಾರಾದ ತೋಟಾಗಳನ್ನು ಪರೀಕ್ಷಿಸಿ ಆರಿಸಿಕೊಳ್ಳುವುದು ಸುಮ್ಮನೆ ಅಲ್ಲ. ನಿಮಗೆ ಆಯ್ಕೆ ಇಲ್ಲದಿದ್ದರೂ, ಒಂದು ಗ್ರೂಪಿಗೆ ಎರಡು ಪೆಟ್ಟಿಗೆಯ ತೋಟಾ ಬೆರೆಸಬೇಡಿ.

ಕಂಠಪಾಠ ಮಾಡಿದ ಅಂಕಿ

ಎನ್‌ಸಿಸಿ ಪರೀಕ್ಷೆಗೆ ಓದುವ ಟಿಪ್ಪಣಿಗಳಲ್ಲಿ .22 ಡೀಲಕ್ಸ್ ರೈಫಲಿನ ಮೂತಿವೇಗ ಸೆಕೆಂಡಿಗೆ 2700 ಅಡಿ ಎಂದು ಅಚ್ಚಾಗಿರುವುದುಂಟು. ಎಷ್ಟೋ ಕೆಡೆಟ್‌ಗಳು ಇದನ್ನು ಬಾಯಿಪಾಠ ಮಾಡುತ್ತಾರೆ. ಇದು ನಿಜವಿರಬಹುದೆ? ಪರೀಕ್ಷಿಸೋಣ.

ಗುಂಡಿನ ರಾಶಿ ಸುಮಾರು 2.6 ಗ್ರಾಂ. 2700 ಅಡಿ ಎಂದರೆ 823 ಮೀಟರ್. ½mv² ಲೆಕ್ಕದಲ್ಲಿ ಚಲನಶಕ್ತಿ 880 ಜೂಲ್. ಇನ್ನು ತೋಟಾದಲ್ಲಿರುವ ಮದ್ದು ಸುಮಾರು 0.1 ಗ್ರಾಂ. ಹೊಗೆರಹಿತ ಮದ್ದಿನ ಒಂದು ಗ್ರಾಂ ಉರಿದರೆ ಸುಮಾರು 4000 ಜೂಲ್ ಶಕ್ತಿ ಬರುತ್ತದೆ. ಅಂದರೆ ತೋಟಾದಲ್ಲಿರುವ ಒಟ್ಟು ಶಕ್ತಿಯೇ 400 ಜೂಲ್. ಅದರಲ್ಲಿ ಬಹುಪಾಲು ಬಿಸಿ ಅನಿಲ ಮತ್ತು ನಳಿಕೆಯ ಪಾಲಾಗುತ್ತದೆ. 400 ಇರುವಲ್ಲಿ 880 ಬರುವುದೆಂತು? ಸಾಮಾನ್ಯ .22 ಗುಂಡಿನ ನಿಜವಾದ ಮೂತಿವೇಗ ಸೆಕೆಂಡಿಗೆ ಸುಮಾರು 330 ಮೀಟರ್, ಅಂದರೆ 1080 ಅಡಿ. ಆಗ ಶಕ್ತಿ ಸುಮಾರು 140 ಜೂಲ್. ಇದು ಲೆಕ್ಕಕ್ಕೆ ಹೊಂದುತ್ತದೆ. ಅಚ್ಚಾದ ಅಂಕಿಯನ್ನೂ ಶಕ್ತಿ ಸಂರಕ್ಷಣೆಯ ನಿಯಮದ ಮುಂದೆ ನಿಲ್ಲಿಸಿ ಕೇಳಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ತರಗತಿಗೆ ಸಿಗಲಾರದು.

140 ಜೂಲ್ ಎಂದು ಹಗುರವಾಗಿ ಕಾಣಬೇಡಿ. ಈ ಪುಟ್ಟ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು, ಪ್ರಾಣ ತೆಗೆಯಬಲ್ಲದು. ಹಿಂದೆ ಮಣ್ಣಿನ ದಿಬ್ಬವಿರುವ ಅಧಿಕೃತ ರೇಂಜ್‌ನಲ್ಲಿ, ತರಬೇತುದಾರರ ಆದೇಶದಂತೆ ಮಾತ್ರ ಗುಂಡು ಹಾರಿಸಬೇಕು.

ಕಣ್ಣು, ಉಸಿರು, ಬೆರಳು

ಫೋರ್‌ಸೈಟ್ ಬ್ಯಾಕ್‌ಸೈಟಿನ ನಡುವಿನಿಂದ ಅರ್ಧ ಮಿ.ಮೀ. ಸರಿದರೆ ಗುರಿಹಲಗೆಯಲ್ಲಿ ತಪ್ಪು 2 ಸೆಂ.ಮೀ. ಆದರೆ ಎರಡೂ ಸೈಟ್ ಸರಿಯಾಗಿ ಹೊಂದಿದ್ದು, ರೈಫಲ್ ಇಡಿಯಾಗಿ ಅರ್ಧ ಮಿ.ಮೀ. ಪಕ್ಕಕ್ಕೆ ಸರಿದರೆ ತಪ್ಪು ಅರ್ಧ ಮಿ.ಮೀ. ಮಾತ್ರ. ಮೊದಲನೆಯದು ಕೋನದ ತಪ್ಪು, ದೂರದೊಂದಿಗೆ ಬೆಳೆಯುತ್ತದೆ. ಎರಡನೆಯದು ಬೆಳೆಯದು. ಕಣ್ಣಿಗೆ ಏಕಕಾಲದಲ್ಲಿ ಒಂದೇ ದೂರದ ವಸ್ತು ಸ್ಫುಟವಾಗಿ ಕಾಣುತ್ತದೆ. ಆದ್ದರಿಂದ ಫೋರ್‌ಸೈಟಿನ ತುದಿ ಸ್ಫುಟವಾಗಿರಲಿ, ಗುರಿ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ.

ಉಸಿರಾಡುವಾಗ ಎದೆಯೊಂದಿಗೆ ರೈಫಲ್ ಏರಿಳಿಯುತ್ತದೆ. ಅರ್ಧ ಉಸಿರು ಬಿಟ್ಟು ಏಳೆಂಟು ಸೆಕೆಂಡು ತಡೆದು, ಅಷ್ಟರೊಳಗೆ ಟ್ರಿಗರನ್ನು ನಿಧಾನವಾಗಿ ಒತ್ತಿ. ಆಗದಿದ್ದರೆ ಬೆರಳು ತೆಗೆದು ಮತ್ತೆ ಉಸಿರಾಡಿ. ಟ್ರಿಗರ್ ಬಿಟ್ಟ ಮೇಲೂ ಗುಂಡು ನಳಿಕೆಯೊಳಗೆ ಸುಮಾರು ಮೂರು ಮಿಲಿಸೆಕೆಂಡು ಇರುತ್ತದೆ. ಆ ಹೊತ್ತಿನ ಅಲುಗಾಟವೂ ಲೆಕ್ಕಕ್ಕೆ ಬರುತ್ತದೆ. ಆದ್ದರಿಂದ ಸದ್ದಾದ ಮೇಲೂ ಒಂದು ಕ್ಷಣ ಹಾಗೆಯೇ ಇರಿ.

ಶುಚಿ ಮಾಡುವುದು ಎಷ್ಟು, ಹೇಗೆ?

ರೈಫಲನ್ನು ಎಷ್ಟು ತಿಕ್ಕಿದರೆ ಅಷ್ಟು ಒಳ್ಳೆಯದು ಎಂಬ ನಂಬಿಕೆ ಸಾಮಾನ್ಯ. .22ಕ್ಕೆ ಇದು ಪೂರ್ತಿ ನಿಜವಲ್ಲ. ಇದರ ಗುಂಡು ಮೃದುವಾದ ಸೀಸ, ಮೇಲೆ ಮೇಣ ಅಥವಾ ಗ್ರೀಸಿನ ಲೇಪ. ಕೆಲವು ಗುಂಡು ಹಾರಿಸಿದ ಮೇಲೆ ನಳಿಕೆಯೊಳಗೆ ಈ ಲೇಪದ ತೆಳುಪದರ ಸಮನಾಗಿ ನೆಲೆಗೊಳ್ಳುತ್ತದೆ. ಪೂರ್ತಿ ಒರೆಸಿದರೆ ಪದರ ಮತ್ತೆ ಕೂರುವವರೆಗೆ ಮೊದಲ ಕೆಲವು ಗುಂಡುಗಳು ಬೇರೆ ಕಡೆ ಬೀಳಬಹುದು. ಎಣ್ಣೆ ಹಚ್ಚಿಟ್ಟ ನಳಿಕೆಯಲ್ಲಂತೂ ಇದು ಖಚಿತ. ಹಾರಿಸುವ ಮೊದಲು ಒಣಬಟ್ಟೆಯಿಂದ ಎಣ್ಣೆ ತೆಗೆಯಿರಿ. ಸಾಧ್ಯವಿದ್ದರೆ ಮೊದಲ ಕೆಲವು ಗುಂಡುಗಳನ್ನು ಗ್ರೂಪಿನ ಲೆಕ್ಕಕ್ಕೆ ಸೇರಿಸಬೇಡಿ.

ಹಾಗಾದರೆ ಹಿಂದಿನವರು ಬಿಸಿನೀರು ಹುಯ್ದು ತೊಳೆಯುತ್ತಿದ್ದುದೇಕೆ? ಆ ಕಾಲದ ತೋಟಾಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದು ಪೊಟ್ಯಾಸಿಯಂ ಕ್ಲೋರೈಡ್ ಎಂಬ ಲವಣ ಉಳಿಯುತ್ತಿತ್ತು. ಲವಣ ತೇವ ಹೀರಿ ಉಕ್ಕಿಗೆ ತುಕ್ಕು ಹಿಡಿಸುತ್ತಿತ್ತು. ಲವಣ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗದು. ಇಂದಿನ ತೋಟಾಗಳಲ್ಲಿ ಆ ಲವಣದ ಕಾಟವಿಲ್ಲ. ರೈಫಲನ್ನು ತಿಂಗಳುಗಟ್ಟಲೆ ಎತ್ತಿಡುವಾಗ ಎಣ್ಣೆಯ ತೆಳುಲೇಪ ಸಾಕು.

ಮುಖ್ಯವಾಗಿ ಕಾಪಾಡಬೇಕಾದ ಭಾಗ ನಳಿಕೆಯ ಬಾಯಂಚು. ಗುಂಡು ರೈಫಲನ್ನು ಕೊನೆಯದಾಗಿ ಮುಟ್ಟುವುದು ಅಲ್ಲಿ. ನಳಿಕೆಯ ಸುರುಳಿ ತೋಡುಗಳಿಂದಾಗಿ ಗುಂಡು ಸೆಕೆಂಡಿಗೆ ಸುಮಾರು 800 ಸುತ್ತು ತಿರುಗುತ್ತ ಹೊರಬರುತ್ತದೆ. ಅಂಚಿನ ಒಂದು ಕಡೆ ಸವೆದಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ಓರೆಯಾಗಿ ತಳ್ಳುತ್ತದೆ. ಪುಲ್‌ಥ್ರೂ ಹಗ್ಗವನ್ನು ಚೇಂಬರಿನ ಕಡೆಯಿಂದ ಬಾಯಿಯ ಕಡೆಗೆ ಎಳೆಯಿರಿ. ಎಳೆಯುವಾಗ ಹಗ್ಗ ನೇರವಾಗಿರಲಿ, ಅಂಚಿಗೆ ಉಜ್ಜದಿರಲಿ.

ಈಗ ಉರಿಗಾಂನ ದಿಬ್ಬಗಳನ್ನು ನೆನೆಯಿರಿ. ಅಲ್ಲಿಂದ ಗಾಳಿಗೆ ಏಳುವ ದೂಳಿನಲ್ಲಿ ಬೆಣಚುಕಲ್ಲಿನ ನುಣುಪು ಕಣಗಳಿವೆ. ಮೋಸ್ ಮಾಪಕದಲ್ಲಿ ಬೆಣಚಿನ ಗಡಸುತನ 7. ಅದು ನಳಿಕೆಯ ಉಕ್ಕನ್ನೂ ಗೀರಬಲ್ಲದು. ಹಗ್ಗ, ಬಟ್ಟೆ ನೆಲಕ್ಕೆ ಬಿದ್ದು ದೂಳು ಹತ್ತಿದರೆ ಅವು ಉಜ್ಜುಕಾಗದವಾಗುತ್ತವೆ. ತೋಟಾ ಕೆಳಗೆ ಬಿದ್ದರೂ ಅಷ್ಟೇ, ಅಂಟು ಲೇಪಕ್ಕೆ ಕಣಗಳು ಮೆತ್ತಿಕೊಳ್ಳುತ್ತವೆ. ಅಂಥದ್ದನ್ನು ರೈಫಲಿಗೆ ಹಾಕದೆ ತರಬೇತುದಾರರಿಗೆ ಒಪ್ಪಿಸಿ.

ಇನ್ನೆರಡು ಮಾತು. ಹಲವು ರಿಮ್‌ಫೈರ್ ರೈಫಲ್‌ಗಳಲ್ಲಿ ಖಾಲಿ ಚೇಂಬರಿಗೆ ಟ್ರಿಗರ್ ಎಳೆದರೆ ಪಿನ್ ಚೇಂಬರಿನ ಅಂಚಿಗೇ ಬಡಿದು ಗುಳಿ ಮಾಡುತ್ತದೆ. ತರಬೇತುದಾರರು ಹೇಳದೆ ಹಾಗೆ ಮಾಡಬೇಡಿ. ಗುಂಡಿನಲ್ಲೂ ಸಿಡಿಯುವ ರಾಸಾಯನಿಕದಲ್ಲೂ ಸೀಸವಿರುತ್ತದೆ. ರೇಂಜ್‌ನಲ್ಲಿ ತಿಂಡಿ ತಿನ್ನಬೇಡಿ, ಮುಗಿದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ.

ರೈಫಲ್ ಇಲ್ಲದೆ ಮಾಡಿ ನೋಡಿ

ಮೇಷ್ಟ್ರೇ, ಈ ಪಾಠಕ್ಕೆ ಬಂದೂಕು ಬೇಕಿಲ್ಲ. ನೆಲದ ಮೇಲೆ ಬಿಳಿ ಹಾಳೆ, ಅದರ ಮೇಲೆ ಕಾರ್ಬನ್ ಕಾಗದ ಹರಡಿ. ಒಂದು ಮೀಟರ್ ಎತ್ತರದಿಂದ ಬರಿಗೈಯಲ್ಲಿ ಗೋಲಿಯನ್ನು ಐದು ಸಲ ಒಂದೇ ಗುರುತಿನ ಮೇಲೆ ಬೀಳಿಸಿ. ಪುಟಿದು ಬಿದ್ದ ಗುರುತು ಬೇಡ, ಮೊದಲ ಗುರುತನ್ನಷ್ಟೇ ಎಣಿಸಿ. ಆಮೇಲೆ ಸ್ಟ್ಯಾಂಡಿಗೆ ಸ್ವಲ್ಪ ಓರೆಯಾಗಿ ಬಿಗಿದ ಪ್ಲಾಸ್ಟಿಕ್ ಕೊಳವೆಯ ಮೂಲಕ ಐದು ಸಲ ಬೀಳಿಸಿ. ಮೊದಲನೆಯದರಲ್ಲಿ ಗುರುತುಗಳು ಗುರಿಯ ಸುತ್ತ ಚದುರುತ್ತವೆ, ಎರಡನೆಯದರಲ್ಲಿ ಒತ್ತೊತ್ತಾಗಿ ಗುರಿಯಿಂದ ಸರಿದಿರುತ್ತವೆ. ಎರಡಕ್ಕೂ ಸರಾಸರಿ ಮತ್ತು ಗ್ರೂಪ್ ಲೆಕ್ಕ ಹಾಕಿಸಿ. ಕೊನೆಗೆ ಕೊಳವೆಯನ್ನು ನೆಟ್ಟಗೆ ಮಾಡಿ ಇನ್ನೈದು ಸಲ ಬೀಳಿಸಿ.

ಆಗ ಒಂದು ಪ್ರಶ್ನೆ ಕೇಳಿ: ತಂಡಕ್ಕೆ ಒಬ್ಬಳನ್ನೇ ಆರಿಸಬೇಕಾದರೆ, ಆ ಇಬ್ಬರು ಕೆಡೆಟ್‌ಗಳಲ್ಲಿ ಯಾರನ್ನು ಆರಿಸುತ್ತೀರಿ? ಉತ್ತರಕ್ಕಿಂತ ಮಕ್ಕಳು ಕೊಡುವ ಕಾರಣವನ್ನು ಗಮನವಿಟ್ಟು ಕೇಳಿ.