ಲೇಬರ್ ಅಂದ್ರೆ ಯಾವ ಲೇಬರ್?

ಭದ್ರಾವತಿಯ ಜನ್ನಾಪುರದಲ್ಲಿ ನಿಂತು ‘ಲೇಬರ್’ ಅನ್ನಿ. ಕೇಳಿದವರ ತಲೆಗೆ ಮೊದಲು ಬರೋದು ಕಾರ್ಖಾನೆ. ಸಹಜ ಬಿಡಿ, 1923ರಿಂದ ಕಬ್ಬಿಣ ಕರಗಿಸಿದ ಊರಿದು. 2023ರಲ್ಲಿ ಇಲ್ಲಿನ ಉಕ್ಕಿನ ಕಾರ್ಖಾನೆ ವಿಐಎಸ್‌ಎಲ್ ಮುಚ್ಚುವ ಸುದ್ದಿ ಬಂದಾಗ ಧರಣಿ ಕೂತವರೂ ಗುತ್ತಿಗೆ ಲೇಬರ್‌ಗಳೇ.

ಈಗ ಅದೇ ಪದ ಆಸ್ಪತ್ರೆಗೆ ಹೋಗಲಿ. ‘ಸೊಸೆ ಲೇಬರ್ ವಾರ್ಡಲ್ಲಿದಾಳೆ’ ಅಂದ್ರೆ, ಶಿಫ್ಟ್ ಎಷ್ಟೊತ್ತಿಗೆ ಮುಗಿಯುತ್ತೆ ಅಂತ ಯಾರೂ ಕೇಳಲ್ಲ!

ಮೂಲ ಲ್ಯಾಟಿನ್. ಅಲ್ಲಿ ‘ಲಾಬೊರ್’ ಅಂದ್ರೆ ದುಡಿಮೆಯೂ ಹೌದು, ಪಡುವ ಪಾಡೂ ಹೌದು. ಇಂಗ್ಲಿಷ್‌ನವರು ಹೆರಿಗೆಗೂ ಅದನ್ನೇ ಹಚ್ಚಿದರು. ಕನ್ನಡದಲ್ಲಿ ದುಡಿಯೋದು ಬೇರೆ, ಬೇನೆ ತಿನ್ನೋದು ಬೇರೆ. ನನ್ನ ಕೇಳಿದ್ರೆ, ಇಲ್ಲಿ ಇಂಗ್ಲಿಷ್‌ನದೇ ನ್ಯಾಯ. ಯಾಕೆ ಗೊತ್ತಾ? ವೈದ್ಯರ ಲೆಕ್ಕದಲ್ಲಿ ಲೇಬರ್‌ಗೆ ಮೂರು ಹಂತ. ಗರ್ಭಕೋಶದ ಬಾಯಿ ಪೂರ್ತಿ, ಅಂದ್ರೆ 10 ಸೆಂಟಿಮೀಟರ್ ತೆರೆಯೋವರೆಗೆ ಮೊದಲನೆಯದು. ಚೊಚ್ಚಲ ಹೆರಿಗೆಯಲ್ಲಿ ಇದೊಂದೇ 12 ಗಂಟೆ ದಾಟಬಹುದು. ಕಾರ್ಖಾನೆ ಲೆಕ್ಕದಲ್ಲಿ ಒಂದೂವರೆ ಶಿಫ್ಟ್, ಊಟದ ಬಿಡುವಿಲ್ಲದೆ! ಆಮೇಲೆ ಮಗು, ಕೊನೆಗೆ ಮಾಸು.

ಈ ಎರಡೂ ಲೇಬರ್ ಒಂದೇ ಕಾಗದದಲ್ಲಿ ಎದುರಾಗಿದ್ದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ. 2017ರಲ್ಲಿ ಸಂಬಳದ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಮೊದಲ ಎರಡು ಮಕ್ಕಳಿಗೆ ಮಾತ್ರ. ಹೆರಿಗೆಗೆ ಮುಂಚಿನ 12 ತಿಂಗಳಲ್ಲಿ 80 ದಿನವಾದರೂ ಕೆಲಸ ಮಾಡಿರಬೇಕು. ‘ನಮ್ಮದು ದಿನಗೂಲಿ, ನಮಗೆಲ್ಲಿ ಬರುತ್ತೆ’ ಅಂತೀರಾ? ದೆಹಲಿ ನಗರಪಾಲಿಕೆಯ ದಿನಗೂಲಿ ಹೆಣ್ಣುಮಕ್ಕಳಿಗೂ ಈ ಸೌಲಭ್ಯ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ.